ಅಕ್ಕನ ಬಲಗೈ

ನಮ್ಮೂರಿನ ಬಾವಿಬೀದಿಯ ಮೂರನೆಯ ಮನೆಯ ಮೇಲ್ಮಹಡಿಯಿಂದ ದಿನಾ ಸಂಜೆ ಐದಕ್ಕೆ ಪಿಯಾನೊ ಕೇಳಿಸುತ್ತಿತ್ತು. ಇಪ್ಪತ್ತಾರು ವರ್ಷ ನಾನು ಆ ಕಿಟಕಿಯ ಕೆಳಗೆ ನಡೆದು ಮನೆಗೆ ಹೋಗಿದ್ದೇನೆ. ಊರಿನ ಸಂಗೀತಶಾಲೆಯಲ್ಲಿ ಪಿಯಾನೊ ಕಲಿಸುವವಳು ನಾನು. ಕಿವಿ ಮುಚ್ಚಿಕೊಂಡು ನಡೆಯುವುದು ನನ್ನಿಂದಾಗದ ಕೆಲಸ. ಬೇರೆ ಹೆಂಗಸರು ಬೀದಿಯಲ್ಲಿ ಹೋಗುವಾಗ ಯಾರ ಮನೆಯ ಪರದೆ ಕೊಳೆಯಾಗಿದೆ ಎಂದು ನೋಡುತ್ತಾರೆ, ನಾನು ಯಾರು ಎಲ್ಲಿ ತಾಳ ತಪ್ಪಿದರು ಎಂದು ಕೇಳುತ್ತೇನೆ. ಎರಡೂ ಒಂದೇ ಜಾತಿಯ ಚಾಳಿ.

ಅಲ್ಲಿ ನುಡಿಸುತ್ತಿದ್ದದ್ದು ಬರೋಕ್ ಕಾಲದ್ದು, ಮುನ್ನೂರು ವರ್ಷ ಹಿಂದಿನ ಸಂಗೀತ. ನಮ್ಮ ಟ್ಯುರಿಂಗಿಯಾದಲ್ಲಿ ಅದೇನೂ ವಿಶೇಷವಲ್ಲ. ಬಾಖ್ ಸಂಗೀತಗಾರರ ಮನೆತನ ಬಾಳಿದ ಸೀಮೆ ಇದು. ಕಲ್ಲೆಸೆದರೆ ಯಾವನಾದರೊಬ್ಬ ಹಳೆಯ ಆರ್ಗನ್ ವಾದಕನ ಗೋರಿಗೆ ತಗಲುತ್ತದೆ. ಆ ಕಿಟಕಿಯವರ ಬಗ್ಗೆ ನನ್ನ ತೀರ್ಪು ಎಂದೋ ಆಗಿಹೋಗಿತ್ತು: ಎಡಗೈ ಬಂಗಾರ, ಬಲಗೈ ಬಜಾರಿ. ಎಡಗೈ ಒಂದೊಂದು ಸ್ವರವನ್ನೂ ತೂಗಿ ಇಡುತ್ತಿತ್ತು. ಬಲಗೈಗೆ ಸದಾ ಬಸ್ಸು ತಪ್ಪುವ ಆತುರ. ಒಬ್ಬರದೇ ಎರಡು ಕೈಗೆ ಇಷ್ಟು ಬೇರೆ ಬೇರೆ ಬುದ್ಧಿ ಹೇಗೆ ಬಂತೋ ಎಂದು ಗೊಣಗಿಕೊಂಡು ಮುಂದೆ ಹೋಗುತ್ತಿದ್ದೆ. ಮೇಲೆ ಹತ್ತಿ ಹೋಗಿ ಯಾರೆಂದು ಕೇಳಿದವಳಲ್ಲ. ಹಾಗೆ ಕೇಳುವುದು ನಮ್ಮಲ್ಲಿ ಸಭ್ಯತೆಯಲ್ಲ.

ಆ ವರ್ಷ ಜನವರಿಯಲ್ಲಿ ಪಿಯಾನೊ ನಿಂತಿತು. ಫೆಬ್ರವರಿ ಕೊನೆಗೆ ಮತ್ತೆ ಕೇಳಿಸಿತು, ಬರೀ ಎಡಗೈ. ಅದೇ ಐದು ಗಂಟೆ, ಅದೇ ತೂಕ. ಬಲಗೈಯ ಜಾಗದಲ್ಲಿ ಏನೂ ಇಲ್ಲ. ಮೂರು ದಿನ ಕೇಳಿದೆ. ನಾಲ್ಕನೆಯ ದಿನ ಬೇಕರಿಯಲ್ಲಿ ಬ್ರೆಡ್ ಕೊಳ್ಳುವಾಗ ತಡೆಯಲಾರದೆ ಬಾಯಿಬಿಟ್ಟೆ.

“ಪಾಪ, ಮೂರನೇ ಮನೆಯವರಿಗೆ ಲಕ್ವ ಹೊಡೆದಿರ್ಬೇಕು ಕಣ್ರೀ. ಬಲಗೈ ಪೂರ್ತಿ ಹೋಗಿದೆ.”

ಬೇಕರಿಯ ಫ್ರಾವ್ ಎಂಡರ್ ಬ್ರೆಡ್ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ಅಲ್ರೀ ಫ್ರಾವ್ ಲೆಂಕ್, ನೀವು ಈ ಊರಲ್ಲೇ ಇದೀರಾ? ಅದು ಹಾರ್ಟುಂಗ್ ಅಕ್ಕತಂಗಿಯರ ಮನೆ ಅಲ್ವಾ! ಅಕ್ಕ ಆಲ್ಮುಟ್ ತೀರ್ಕೊಂಡು ಆರು ವಾರ ಆಯ್ತು. ಈಗ ಇರೋದು ತಂಗಿ ರೋಸ್ವಿತಾ ಒಬ್ರೇ.”

“ಹಾಗಾದ್ರೆ ಬಲಗೈ?”

“ಅದು ಆಲ್ಮುಟ್‌ದು. ಇಬ್ರೂ ಒಂದೇ ಬೆಂಚಲ್ಲಿ ಕೂತು ಒಂದೊಂದು ಕೈ ನುಡಿಸ್ತಿದ್ರು. ಇಡೀ ಊರಿಗೇ ಗೊತ್ತು.”

ಇಡೀ ಊರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ವೈಮಾರ್‌ನ ಸಂಗೀತ ಕಾಲೇಜಿನಲ್ಲಿ ಐದು ವರ್ಷ ಓದಿ ಪಳಗಿಸಿದ ಕಿವಿ ನನ್ನದು, ಅದರ ಜಂಬ ಬೇರೆ. ಆ ಕಿವಿ ಇಪ್ಪತ್ತಾರು ವರ್ಷ ಇಬ್ಬರನ್ನು ಒಬ್ಬಳೆಂದು ಕೇಳಿತ್ತು. ನಾಚಿಕೆಯಾಗಿ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಬಂದೆ.

ಮಾರ್ಚಿನ ಒಂದು ಗುರುವಾರ ಮಧ್ಯಾಹ್ನ ಮೂರಕ್ಕೆ ರೋಸ್ವಿತಾ ಹಾರ್ಟುಂಗ್ ತಾವಾಗಿಯೇ ಸಂಗೀತಶಾಲೆಗೆ ಬಂದರು. ಎತ್ತರದ ಹೆಂಗಸು, ಬೂದು ಬಣ್ಣದ ಕೋಟು, ಕುತ್ತಿಗೆಯವರೆಗೂ ಹಾಕಿದ ಗುಂಡಿ. ವಯಸ್ಸು ಅರವತ್ತಾರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಮೂಲೆ ಸವೆದ ಒಂದು ಸಂಗೀತದ ಪುಸ್ತಕ, ಕೈಯಿಂದ ನಕಲು ಮಾಡಿದ್ದು.

“ನಾನು ಬಲಗೈ ಕಲೀಬೇಕು” ಎಂದರು.

“ಎಡಗೈ?”

“ಅದು ಬರುತ್ತೆ.”

ಇಂಥ ಶಿಷ್ಯರು ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಕೂರಿಸಿ ಕೇಳಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಸರ್ಕಾರಿ ಕಚೇರಿಯಲ್ಲಿ ಫಾರಂ ತುಂಬಿಸುವವರ ಹಾಗೆ, ದನಿಯಲ್ಲಿ ಏರಿಲ್ಲ ಇಳಿವಿಲ್ಲ.

ಅವರ ಅಪ್ಪ ನಮ್ಮೂರ ಚರ್ಚಿನ ಸಂಗೀತದ ಮೇಷ್ಟ್ರು. ಎರಡನೆಯ ಮಹಾಯುದ್ಧ ಮುಗಿದು, ಸೆರೆಯಿಂದ ಬಿಡುಗಡೆಯಾಗಿ ಮನೆ ಸೇರುವ ಹೊತ್ತಿಗೆ ದೊಡ್ಡವಳು ಆಲ್ಮುಟ್‌ಗೆ ಏಳು, ಚಿಕ್ಕವಳು ರೋಸ್ವಿತಾಗೆ ನಾಲ್ಕು. ಇನ್ನು ನಾಲ್ಕು ವರ್ಷ ಕಳೆದ ಮೇಲೆ ಪಿಯಾನೊ ಕಲಿಸಲು ಶುರುಮಾಡಿದರು. ಕಲ್ಲಿದ್ದಲು ಸಿಗದ ಕಾಲ. ಪಿಯಾನೊ ಇದ್ದ ಕೋಣೆಗೆ ದಿನಕ್ಕೆ ಒಂದು ಗಂಟೆ ಮಾತ್ರ ಒಲೆ ಉರಿಯುತ್ತಿತ್ತು. ಇಬ್ಬರಿಗೂ ಅರ್ಧರ್ಧ ಗಂಟೆ ಕೊಟ್ಟರೆ ಬೆರಳು ಬೆಚ್ಚಗಾಗುವಷ್ಟರಲ್ಲಿ ಪಾಠ ಮುಗಿಯುತ್ತದೆ. ಅಪ್ಪ ಯೋಚಿಸಿ ಒಂದು ದಾರಿ ಕಂಡುಕೊಂಡರು. ಆ ಕಾಲದ ಸಂಗೀತದಲ್ಲಿ ಎಷ್ಟೋ ಪಾಠಗಳಿಗೆ ಎರಡೇ ದನಿ, ಬಲಗೈಗೊಂದು ಎಡಗೈಗೊಂದು. ಒಂದು ಹಾಡಿ ಇನ್ನೊಂದು ತಲೆದೂಗುವುದಲ್ಲ. ಎರಡೂ ಹಾಡುತ್ತವೆ, ಒಂದು ಹೇಳಿದ್ದನ್ನು ಇನ್ನೊಂದು ಎತ್ತಿಕೊಂಡು ವಾದಿಸುತ್ತದೆ.

“ಇಲ್ಲಿ ಯಾರೂ ಯಾರ ಆಳಲ್ಲ” ಎಂದಿದ್ದರಂತೆ ಅಪ್ಪ. “ದನಿ ಎರಡು, ನೀವೂ ಇಬ್ಬರು. ಆಲ್ಮುಟ್ ಬಲಕ್ಕೆ ಕೂತ್ಕೋ, ರೋಸಿ ಎಡಕ್ಕೆ. ಮುಂದಿನ ವರ್ಷ ಜಾಗ ಬದಲಾಯಿಸೋಣ.”

ಇದು ಬೇರೆಯವರಿಗೆ ಹುಚ್ಚು ಅನ್ನಿಸಬಹುದು. ನಮ್ಮ ಕಡೆ ಚರ್ಚಿನ ಗಾಯನದಲ್ಲಿ ಬೆಳೆದವರಿಗೆ ಅನ್ನಿಸುವುದಿಲ್ಲ. ಹತ್ತು ವರ್ಷಕ್ಕೆ ಕೆಳದನಿಯ ಸಾಲಿನಲ್ಲಿ ನಿಲ್ಲಿಸಿದರೆ ಎಂಬತ್ತು ವರ್ಷಕ್ಕೂ ಅದೇ ಸಾಲಿನಲ್ಲಿ, ಅದೇ ಕಂಬದ ಪಕ್ಕದಲ್ಲಿ ನಿಂತು ಅದನ್ನೇ ಹಾಡುವ ಜನ ನಾವು. ಮೇಲ್ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ, ಅದು ಅವರ ಕೆಲಸ ಎನ್ನುತ್ತೇವೆ. ಆ ಮೇಷ್ಟ್ರು ಪಿಯಾನೊ ಬೆಂಚನ್ನೂ ಗಾಯಕರ ಸಾಲಿನ ಹಾಗೆ ಕಂಡರು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾ ಮೂರು ವರ್ಷ ಹೋಯಿತು. ನಾಲ್ಕನೆಯ ಚಳಿಗಾಲ ನ್ಯುಮೋನಿಯ ಬಂದು ಹನ್ನೊಂದು ದಿನಕ್ಕೆ ಅಪ್ಪ ತೀರಿಕೊಂಡರು. ಜಾಗ ಬದಲಾಯಿಸಿ ಎಂದು ಹೇಳುವವರು ಉಳಿಯಲಿಲ್ಲ. ಹುಡುಗಿಯರು ಕೂತಲ್ಲೇ ಕೂತರು, ಐವತ್ತೈದು ವರ್ಷ.

“ನಿಮಗೊಂದು ಸಲವೂ ಬಲಗಡೆ ಕೂರ್ಬೇಕು ಅನ್ನಿಸ್ಲಿಲ್ವಾ?” ಎಂದೆ.

“ಅಲ್ಲಿ ಅಕ್ಕ ಕೂತಿರ್ತಿದ್ಲು.”

“ಸರಿ. ಈಗ ಕಲಿತು ಏನ್ ಮಾಡ್ಬೇಕು ಅಂತಿದೀರ?”

ರೋಸ್ವಿತಾ ತಮ್ಮ ಕೈಗಳನ್ನು ನೋಡಿಕೊಂಡರು. “ನನಗೆ ಏನೂ ಅನ್ನಿಸ್ತಾ ಇಲ್ಲ, ಫ್ರಾವ್ ಲೆಂಕ್. ಅಕ್ಕ ಹೋದಾಗ್ಲೂ ಅನ್ನಿಸ್ಲಿಲ್ಲ, ಮಣ್ಣು ಮಾಡಿದಾಗ್ಲೂ ಇಲ್ಲ. ಬರುತ್ತೆ ಅಂದ್ರು ಡಾಕ್ಟ್ರು. ಬರುತ್ತೆ ಅಂದ್ರು ಪಾದ್ರಿಗಳು. ಬಂದಿಲ್ಲ. ಅವಳು ನುಡಿಸ್ತಿದ್ದದ್ದು ಒಂದು ಸಲ ಪೂರ್ತಿ ಕೇಳಿಸಿದ್ರೆ ಬರಬಹುದು ಅಂತ ನನ್ನ ಲೆಕ್ಕ. ಅವಳ ಹಾಗೆ ನುಡಿಸೋರು ಬೇರೆ ಯಾರೂ ಇಲ್ಲ. ನಾನೇ ನುಡಿಸ್ಬೇಕು. ನವೆಂಬರಲ್ಲಿ ‘ತೀರಿಕೊಂಡವರ ಭಾನುವಾರ’ ಅಂತ ಇದೆಯಲ್ಲ, ಆ ವರ್ಷ ಹೋದವರನ್ನ ನೆನೆಯೋ ದಿನ, ಆವತ್ತು ಚರ್ಚಲ್ಲಿ ಅವಳ ಹೆಸರು ಓದ್ತಾರೆ. ಆವತ್ತೇ ನುಡಿಸ್ಬೇಕು. ಅಷ್ಟರೊಳಗೆ ಆಗುತ್ತಾ?”

ಎಂಟು ತಿಂಗಳಿತ್ತು. ಆಗುತ್ತದೆ ಎಂದೆ. ಆ ಮಾತಿನ ಅರ್ಥ ನನಗೆ ಆವತ್ತು ಅರ್ಧ ಮಾತ್ರ ತಿಳಿದಿತ್ತು ಎಂದು ಈಗ ಗೊತ್ತು.

ಮೊದಲ ಪಾಠದಲ್ಲೇ ನನ್ನ ನಾಲಿಗೆ ಜಾರಿತು. ರೋಸ್ವಿತಾ ಬೆಂಚಿನ ಎಡತುದಿಯಲ್ಲಿ, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತರು. “ಮಧ್ಯಕ್ಕೆ ಬನ್ನಿ, ಅಲ್ಲಿ ಇನ್ಯಾರೂ ಬರಲ್ಲ” ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು “ಸರಿ” ಎಂದು ಮಧ್ಯಕ್ಕೆ ಸರಿದರು, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮುಂದಿನ ಗುರುವಾರ ಮತ್ತೆ ಎಡತುದಿಯಲ್ಲಿ ಕೂತಿದ್ದರು. ಜೂನ್‌ವರೆಗೂ ಪ್ರತಿ ವಾರ ಸರಿಸಬೇಕಾಯಿತು.

ಬಲಗೈಯ ಬೆರಳುಗಳಿಗೆ ಚುರುಕಿಲ್ಲ ಎನ್ನುವಂತಿರಲಿಲ್ಲ. ಹದಿನಾರನೆಯ ವಯಸ್ಸಿಗೆ ಊರಿನ ಥರ್ಮಾಮೀಟರ್ ಕಾರ್ಖಾನೆಗೆ ಸೇರಿದವರು ಅವರು. ಗಾಜಿನ ಕಡ್ಡಿಗೆ ಮೇಣ ಸವರಿ, ಸೂಜಿಯಲ್ಲಿ ಗೆರೆ ಎಳೆಯುವ ಕೆಲಸ. ಒಂದು ಡಿಗ್ರಿಗೆ ಹತ್ತು ಗೆರೆ, ಬಲಗೈಯಲ್ಲೇ. ಮೂವತ್ತು ವರ್ಷ ಎಳೆದರು. ಒಂದು ಗೆರೆ ಓರೆಯಾದರೆ ಯಾರದೋ ಜ್ವರ ಸುಳ್ಳಾಗುತ್ತದೆ ಎಂದು ಮೇಲ್ವಿಚಾರಕ ಹೇಳುತ್ತಿದ್ದನಂತೆ. ಗೋಡೆ ಬಿದ್ದು ದೇಶ ಒಂದಾದ ಮರುವರ್ಷ ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ಶಾಲೆಯ ಕೋಣೆಗಳನ್ನು ಗುಡಿಸಿ ಒರೆಸಿ ಪಿಂಚಣಿವರೆಗೆ ಕಾಲ ಹಾಕಿದರು. ಅಕ್ಕ ಅಂಚೆ ಕಚೇರಿಯ ಕಿಟಕಿಯಲ್ಲಿದ್ದವಳು, ಗಟ್ಟಿ ಗಂಟಲು, ಸಾಲಿನಲ್ಲಿ ನಿಂತವರಿಗೆಲ್ಲ ಬೈದು ಎಲ್ಲರಿಗೂ ಬೇಕಾದವಳು. ನಾನೂ ಅವಳಿಂದ ಬೈಸಿಕೊಂಡಿದ್ದೆ, ಪಾರ್ಸೆಲ್ಲಿಗೆ ದಾರ ಸಡಿಲ ಕಟ್ಟಿದ್ದೀರೆಂದು. ಅವಳದೇ ಕೈ ಆ ಮೇಲ್ಮಹಡಿಯ ಕಿಟಕಿಯಿಂದ ಕೇಳಿಸುತ್ತಿತ್ತೆಂದು ನನಗೆ ಹೊಳೆದಿರಲಿಲ್ಲ.

“ಮದುವೆ ಆಗ್ಬೇಕು ಅನ್ನಿಸ್ಲಿಲ್ವಾ?” ಎಂದು ಒಮ್ಮೆ ಪಾಠದ ನಡುವೆ ಕೇಳಿದೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸುವವಳೆಂದು ನನಗೆ ಮೊದಲೇ ಹೆಸರಿದೆ.

“ಒಬ್ರು ಕೇಳಿದ್ರು. ಗಾಜು ಊದೋ ಕೆಲಸದವರು. ಯೇನಾ ಪಟ್ಟಣಕ್ಕೆ ಹೋಗಿ ಇರೋಣ ಅಂದ್ರು. ಎಡಗೈ ಯಾರು ನುಡಿಸ್ತಾರೆ ಅಂತ ಅಕ್ಕನ್ನ ಕೇಳಿದೆ. ‘ಹೋಗೇ ಪೆದ್ದಿ, ನಾನು ಎರಡೂ ಕೈಯಲ್ಲಿ ನುಡಿಸ್ತೀನಿ’ ಅಂದ್ಲು.”

“ಮತ್ತೆ?”

“ಅವಳಿಗೆ ಎಡಗೈ ಬರ್ತಿರಲಿಲ್ಲ.” ಅಷ್ಟು ಹೇಳಿ ಮತ್ತೆ ಸಾಲಿನ ಮೊದಲಿಗೆ ಹೋಗಿ ನುಡಿಸತೊಡಗಿದರು.

ಆಲ್ಮುಟ್ ಹೋದದ್ದನ್ನೂ ಹೀಗೆಯೇ ಹೇಳಿದರು. ಐದಕ್ಕೆ ಹತ್ತು ನಿಮಿಷ ಇತ್ತು. ಅಕ್ಕ ಕೈ ತೊಳೆಯಲು ಹೋದಳು. ನೀರು ಹರಿಯುವ ಸದ್ದು ನಿಲ್ಲಲಿಲ್ಲ. ಐದು ಹೊಡೆಯಿತು, ಬರಲಿಲ್ಲ. ಎದ್ದು ಹೋಗಿ ನೋಡಿದರು. ಮೊದಲು ನಲ್ಲಿ ನಿಲ್ಲಿಸಿದರಂತೆ. ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಿದರಂತೆ. “ಮೊದಲು ನಲ್ಲಿ ಯಾಕೆ ನಿಲ್ಲಿಸಿದೆ ಅಂತ ನನಗೇ ಗೊತ್ತಿಲ್ಲ” ಎಂದರು. ಭಾನುವಾರಗಳಲ್ಲಿ ಈಗಲೂ ಆಲೂಗಡ್ಡೆಯ ಕಡುಬು ಆರೇ ಮಾಡುತ್ತಾರೆ. ಮೂರು ತಿಂದು ಮೂರನ್ನು ಸೋಮವಾರ ಹುರಿದು ತಿನ್ನುತ್ತಾರೆ. ಹಿಟ್ಟಿನ ಅಳತೆ ಆರಕ್ಕೇ ಗೊತ್ತಿರುವುದು, ಮೂರಕ್ಕೆ ಎಷ್ಟು ಹಾಕಬೇಕೋ ತಿಳಿಯದು ಎಂದರು. ನಾನು ಕರವಸ್ತ್ರ ಹುಡುಕಿದೆ. ಅವರು ಪುಸ್ತಕದ ಪುಟ ತಿರುಗಿಸಿದರು.

ಕಲಿಕೆ ಮಾತ್ರ ಚೆನ್ನಾಗಿ ಸಾಗಿತು. ಬಲಗೈಯ ಒಂದೊಂದು ಸಾಲನ್ನೂ ಅವರು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. ಬೆರಳಿಗೆ ಇಳಿಸುವುದಷ್ಟೇ ಬಾಕಿ. ತೊಂದರೆ ಏನೆಂದರೆ, ಅವರ ತಲೆಯಲ್ಲಿದ್ದದ್ದು ಕಾಗದದ ಮೇಲಿನ ಬಲಗೈ ಅಲ್ಲ, ಆಲ್ಮುಟ್‌ಳ ಬಲಗೈ. ಆತುರ, ಒರಟು, ಎಲ್ಲಿಬೇಕೆಂದರಲ್ಲಿ ಒತ್ತು. ಚಿಕ್ಕಪುಟ್ಟ ಪಾಠಗಳಲ್ಲಿ ನಾನು ಅಷ್ಟಿಷ್ಟು ತಿದ್ದಿ ಬಿಟ್ಟೆ. ಸೆಪ್ಟೆಂಬರಿನಲ್ಲಿ ಪುಸ್ತಕದ ಕೊನೆಯ ಪಾಠಕ್ಕೆ ಬಂದೆವು.

ಅದು ನಿಧಾನಗತಿಯ ಒಂದು ನೃತ್ಯ, ಹೆಸರು ಯಾರಿಗೂ ನೆನಪಿಲ್ಲದ ಆಸ್ಥಾನ ಸಂಗೀತಗಾರನೊಬ್ಬನದು. ಅಪ್ಪ ಸಾಯುವ ಚಳಿಗಾಲದಲ್ಲಿ ನಕಲು ಮಾಡಿಟ್ಟದ್ದು, ಕಲಿಸಲು ಉಳಿಯಲಿಲ್ಲ. ಹುಡುಗಿಯರು ತಾವೇ ಕಲಿತರು. ದಿನಾ ಸಂಜೆ ಎಲ್ಲ ಮುಗಿದ ಮೇಲೆ ಕೊನೆಗೆ ನುಡಿಸುತ್ತಿದ್ದದ್ದು ಅದನ್ನೇ. ನವೆಂಬರಿಗೆ ರೋಸ್ವಿತಾ ಆರಿಸಿಕೊಂಡದ್ದೂ ಅದನ್ನೇ. ಅದರ ಎರಡನೆಯ ಭಾಗದಲ್ಲಿ ಒಂದು ಕಡೆ ಬಲಗೈ ಒಂದು ಸ್ವರವನ್ನು ಪಕ್ಕದ ಸ್ವರದ ಜೊತೆ ಬಿಡದೆ ಹೊರಳಿಸುತ್ತಾ ನಿಲ್ಲಬೇಕು. ಅದರ ಕೆಳಗೆ ಎಡಗೈ ಎಂಟು ಸ್ವರಗಳನ್ನು ಒಂದೊಂದಾಗಿ ಮೆಟ್ಟಿಲಿಳಿದ ಹಾಗೆ ಇಳಿಯಬೇಕು.

ರೋಸ್ವಿತಾ ಎಡಗೈಯಲ್ಲಿ ನಾಲ್ಕು ಮೆಟ್ಟಿಲು ಇಳಿದು, ಸರಕ್ಕನೆ ಮುಂದಿನ ಸಾಲಿಗೆ ಹಾರಿದರು.

“ನಿಲ್ಸಿ. ಇನ್ನೂ ನಾಲ್ಕು ಸ್ವರ ಇದೆಯಲ್ಲ, ಎಲ್ಲಿ ಹೋಯ್ತು?”

“ಅದನ್ನ ನಾವು ನುಡಿಸೋದಿಲ್ಲ.”

“ನುಡಿಸೋದಿಲ್ಲ ಅಂದ್ರೆ? ಬರೆದಿದೆ ನೋಡಿ. ನಿಮ್ಮಪ್ಪನ ಕೈಬರಹ.”

“ಅಕ್ಕ ಅಲ್ಲಿ ಕಾಯಲ್ಲ.”

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಳಿಸುತ್ತಾ ನಿಲ್ಲುವ ತಾಳ್ಮೆ ಆಲ್ಮುಟ್‌ಗೆ ಇರಲಿಲ್ಲ. ಅರ್ಧಕ್ಕೇ ಬಿಟ್ಟು ಓಡುತ್ತಿದ್ದಳು. ತಂಗಿ ಅವಳ ಹಿಂದೆ ಹಾರಿ ಜೊತೆ ಸೇರುತ್ತಿದ್ದಳು. ಹಾಗಾಗಿ ಆ ನಾಲ್ಕು ಸ್ವರಗಳನ್ನು ರೋಸ್ವಿತಾಳ ಎಡಗೈ ಐವತ್ತೈದು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ.

“ಫ್ರಾವ್ ಹಾರ್ಟುಂಗ್, ಬರೆದವನು ಅಲ್ಲಿ ಉಸಿರಾಡೋಕೆ ಜಾಗ ಕೊಟ್ಟಿದಾನೆ. ಇಡೀ ಪಾಠದಲ್ಲಿ ಇರೋ ಸೊಗಸೇ ಅದು. ನಿಮ್ಮಕ್ಕ ಅದನ್ನ ನುಂಗಿಬಿಟ್ಟಿದಾರೆ.”

“ಹೌದು, ನುಂಗ್ತಿದ್ಲು.”

“ಹಾಗಾದ್ರೆ ಸರಿಮಾಡೋಣ.”

“ಹಾಗೇ ಬಿಟ್ರೆ ಆಗಲ್ವಾ?”

ಪಾಠ ಶುರುವಾದ ಮೇಲೆ ಆಕೆ ನನ್ನನ್ನು ಏನಾದರೂ ಕೇಳಿಕೊಂಡದ್ದು ಆ ಒಂದೇ ಸಲ. ಆದರೆ ನಾನು ಮೇಷ್ಟ್ರಮ್ಮ. ತಪ್ಪು ತಪ್ಪೇ ಎಂದೆ. ಚರ್ಚಿನ ಜನರೆಲ್ಲ ಕೂತು ಕೇಳುತ್ತಾರೆ, ಅವರಲ್ಲಿ ಸಂಗೀತ ಬಲ್ಲವರು ಇರುತ್ತಾರೆ, ನಾಲ್ಕು ಎಣಿಕೆ ಕಳೆದುಹೋದರೆ ನನ್ನ ಹೆಸರು ಕೆಡುತ್ತದೆ ಎಂದೂ ಮನಸ್ಸಿನಲ್ಲಿತ್ತು, ಸುಳ್ಳು ಹೇಳುವುದಿಲ್ಲ. ತಾಳದ ಯಂತ್ರವನ್ನು ಪಿಯಾನೊ ಮೇಲಿಟ್ಟು ಚಾಲೂ ಮಾಡಿದೆ. ಆರು ವಾರ ಅದು ಟಿಕ್ ಟಿಕ್ ಎಂದಿತು.

ಮೊದಲು ಆ ನಾಲ್ಕು ಸ್ವರಗಳನ್ನಷ್ಟೇ ಎಡಗೈಗೆ ಕಲಿಸಿದೆ. ಬಿಸಿ ಪಾತ್ರೆ ಮುಟ್ಟಿದ ಹಾಗೆ ಮುಟ್ಟುತ್ತಿದ್ದರು. ಆಮೇಲೆ ಬಲಗೈ. ಅರ್ಧಕ್ಕೆ ಓಡಲು ಹೊರಟಾಗಲೆಲ್ಲ ಮಣಿಕಟ್ಟು ಹಿಡಿದು ನಿಲ್ಲಿಸಿದೆ.

“ಕಿವಿಯಲ್ಲಿರೋದನ್ನ ಬಿಟ್ಬಿಡಿ! ಕಾಗದ ನೋಡಿ! ಎಣಿಸಿ!”

“ಎಣಿಸ್ತೀನಿ.”

“ಅಕ್ಕನ ಹಿಂದೆ ಓಡ್ಬೇಡಿ ಅಂತ ಎಷ್ಟು ಸಲ ಹೇಳೋದು?”

“ಓಡಲ್ಲ.”

ಒಂದು ಗುರುವಾರವೂ ತಪ್ಪಿಸಲಿಲ್ಲ. ಎದುರು ಮಾತಾಡಲಿಲ್ಲ. ಗಾಜಿನ ಮೇಲೆ ಗೆರೆ ಎಳೆದವರಿಗೆ ಅಳತೆ ತಪ್ಪಿದ್ದನ್ನು ತಿದ್ದುವುದು ಹೊಸದೇನಲ್ಲ. ಅಕ್ಟೋಬರ್ ಕೊನೆಗೆ ಬಲಗೈ ಹೊರಳುತ್ತಾ ನಿಂತಿತು, ಎಡಗೈ ಎಂಟೂ ಮೆಟ್ಟಿಲು ಇಳಿಯಿತು, ಎರಡೂ ಒಟ್ಟಿಗೆ ಮುಂದಿನ ಸಾಲಿಗೆ ಕಾಲಿಟ್ಟವು. ನಾನು ಖುಷಿಗೆ ಚಪ್ಪಾಳೆ ಹೊಡೆದೆ. “ಈಗ ಸರಿಯಾಯ್ತಾ?” ಎಂದರು. “ಈಗ ಸರಿಯಾಯ್ತು” ಎಂದೆ.

ತೀರಿಕೊಂಡವರ ಭಾನುವಾರ ಹಿಮ ಬೀಳಲಿಲ್ಲ, ಬರೀ ಒದ್ದೆ ಚಳಿ. ಚರ್ಚಿನಲ್ಲಿ ಪಾದ್ರಿಗಳು ಆ ವರ್ಷದ ಹದಿನೇಳು ಹೆಸರುಗಳನ್ನು ಓದಿದರು. ಒಂದೊಂದು ಹೆಸರಿಗೂ ಒಂದೊಂದು ಮೇಣದಬತ್ತಿ. ಆಲ್ಮುಟ್‌ಳ ಹೆಸರು ಆರನೆಯದು. ರೋಸ್ವಿತಾ ಎದ್ದು ಹೋಗಿ ಬತ್ತಿ ಹಚ್ಚಿ ಬಂದು ಕೂತರು. ಆಮೇಲೆ ಎಲ್ಲರೂ ಪಕ್ಕದ ಸಭಾಂಗಣಕ್ಕೆ ಹೋದೆವು. ಉದ್ದನೆಯ ಮೇಜಿನ ಮೇಲೆ ಕಾಫಿ, ಕೇಕು. ಮೂಲೆಯಲ್ಲಿ ಪಿಯಾನೊ.

ರೋಸ್ವಿತಾ ಬೆಂಚಿನ ಮಧ್ಯದಲ್ಲೇ ಕೂತು ನುಡಿಸಿದರು. ಒಂದು ಸ್ವರ ತಪ್ಪಲಿಲ್ಲ, ಒಂದು ಎಣಿಕೆ ಜಾರಲಿಲ್ಲ. ಆ ಜಾಗ ಬಂತು. ಬಲಗೈ ಮೇಲೆ ನಿಂತಿತು, ಎಡಗೈ ಕೆಳಗೆ ಇಳಿಯಿತು, ಕೋಣೆಯಲ್ಲಿ ಕಪ್ಪಿನ ಸದ್ದು ಕೂಡ ನಿಂತಿತು. ಅಷ್ಟು ಚೆಂದವನ್ನು ಆ ಪಿಯಾನೊದಲ್ಲಿ ನಾನು ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಾದ್ರಿಗಳ ಹೆಂಡತಿ ಕರವಸ್ತ್ರ ತೆಗೆದರು. ಬೇಕರಿಯ ಫ್ರಾವ್ ಎಂಡರ್ ಅಂತೂ ಬಿಕ್ಕಿದರು. “ಏನ್ ಕಲಿಸಿದೀರಿ ಫ್ರಾವ್ ಲೆಂಕ್!” ಎಂದು ಯಾರೋ ನನ್ನ ಕೈ ಕುಲುಕಿದರು. ಕುಲುಕಿಸಿಕೊಂಡೆ.

ರೋಸ್ವಿತಾ ಕಿಟಕಿಯ ಪಕ್ಕ ತಟ್ಟೆ ಹಿಡಿದು ಕೂತಿದ್ದರು. ಹೋಗಿ ಪಕ್ಕದಲ್ಲಿ ಕೂತೆ.

“ಹೇಗಿತ್ತು?”

“ಸರಿಯಾಗಿತ್ತು.”

“ಬಂತಾ?”

ನಾನು ಕೇಳಿದ್ದು ಅಳು ಬಂತೇ ಎಂದು. ಅವರು ಉತ್ತರ ಕೊಟ್ಟದ್ದು ಬೇರೆಯದಕ್ಕೆ.

“ಅಕ್ಕ ಬರಲಿಲ್ಲ. ಬಲಗಡೆ ಯಾರೋ ಇದ್ರು. ಯಾರು ಅಂತ ಗೊತ್ತಾಗ್ಲಿಲ್ಲ.” ಒಂದು ಚೂರು ಕೇಕು ಬಾಯಿಗಿಟ್ಟು ಅಗಿದು ನುಂಗಿದರು. “ಗಸಗಸೆ ಕೇಕು ಚೆನ್ನಾಗಿದೆ, ತಗೊಳ್ಳಿ.”

ಒಂದು ಚೂರು ತೆಗೆದುಕೊಂಡು ತಟ್ಟೆಯಲ್ಲೇ ಇಟ್ಟೆ. ಆರು ವಾರ ಯಾರ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದ್ದೆ ಎಂದು ಆಗ ಗೊತ್ತಾಯಿತು. ಆಕೆ ಬಂದದ್ದು ಅಕ್ಕನನ್ನು ಕೇಳಲು. ನಾನು ಅಕ್ಕನನ್ನು ತಪ್ಪೆಂದು ಗುರುತು ಹಾಕಿ ಒರೆಸಿಹಾಕಿದ್ದೆ. ಸರಿಯಾಗಿ ಕಲಿಸಿದೆನೆಂದು ಕೈ ಬೇರೆ ಕುಲುಕಿಸಿಕೊಂಡಿದ್ದೆ.

ಗುರುವಾರದವರೆಗೆ ನಾಲ್ಕು ದಿನ ಅದೇ ಯೋಚನೆ. ಗುರುವಾರ ಮೂರಕ್ಕೆ ರೋಸ್ವಿತಾ ಬಂದಾಗ ತಾಳದ ಯಂತ್ರವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ್ದೆ.

“ಇವತ್ತು ನೀವು ಎಡಗಡೆ ಕೂತ್ಕೊಳ್ಳಿ” ಎಂದೆ. “ಬಲಗೈ ನಾನು ನುಡಿಸ್ತೀನಿ. ನಿಮ್ಮಕ್ಕ ಹೇಗೆ ನುಡಿಸ್ತಿದ್ರೋ ಹಾಗೆ. ತಪ್ಪೆಲ್ಲ ಸೇರಿಸಿ. ನೀವು ಹೇಳ್ತಾ ಹೋಗಿ.”

ಅವರು ನನ್ನನ್ನು ನೋಡಿದರು. ಆಮೇಲೆ ಎಡತುದಿಯಲ್ಲಿ ಕೂತರು. ನಾನು ಬಲಕ್ಕೆ ಕೂತೆ. ಶುರುಮಾಡಿದೆವು. ಆ ಜಾಗ ಬಂತು. ನಾನು ಅರ್ಧಕ್ಕೆ ಬಿಟ್ಟು ಮುಂದಕ್ಕೆ ಓಡಿದೆ.

“ಇನ್ನೂ ಮುಂಚೆ” ಎಂದರು.

ಮತ್ತೆ ನುಡಿಸಿದೆ.

“ಇಷ್ಟು ಮುಂಚೆ ಅಲ್ಲ.”

ಮತ್ತೆ.

“ನೀವು ಎಣಿಸ್ಕೊಂಡು ತಪ್ತಿದೀರ. ಅವಳಿಗೆ ಎಣಿಕೆನೇ ಇರಲಿಲ್ಲ. ಸುಮ್ನೆ ಸಾಕಾಗ್ತಿತ್ತು, ಹೊರಡ್ತಿದ್ಲು.”

ಹತ್ತು ಸಲ ನುಡಿಸಿದೆ, ಇಪ್ಪತ್ತು ಸಲ ನುಡಿಸಿದೆ. ನಲವತ್ತು ವರ್ಷ ಸರಿಯಾಗಿ ನುಡಿಸಿದ ಕೈಗೆ ಸಾಕಾಗುವುದು ಹೇಗೆಂದು ಗೊತ್ತಿರಲಿಲ್ಲ. ಆಕೆ ನನ್ನ ಕೈಯನ್ನು ಗಮನಿಸುವುದು ಬಿಟ್ಟು ತಮ್ಮದನ್ನೇ ನೋಡತೊಡಗಿದರು.

“ನೋಡಿ” ಎಂದರು. “ಇದೂ ಹಾರ್ತಾ ಇಲ್ಲ.”

ನಿಜ. ನಾನು ಓಡಿಹೋದ ಮೇಲೂ ಅವರ ಎಡಗೈ ಒಂಟಿಯಾಗಿ ಆ ನಾಲ್ಕು ಮೆಟ್ಟಿಲನ್ನೂ ಇಳಿಯುತ್ತಿತ್ತು.

“ಇರಲಿ, ಇರಲಿ. ನೀವು ಹಾಡಿ ತೋರಿಸಿ” ಎಂದೆ. ನನ್ನ ದನಿ ಬೇಡುವ ದನಿಯಾಗಿತ್ತು. “ಕೈ ಬೇಡ. ಅಕ್ಕ ಹೇಗೆ ನುಡಿಸ್ತಿದ್ರು ಅಂತ ಬಾಯಲ್ಲಿ ಹಾಡಿ, ನಾನು ಹಿಡ್ಕೋತೀನಿ.”

ರೋಸ್ವಿತಾ ಕಣ್ಣು ಮುಚ್ಚಿ ಹಾಡಿದರು. ಹೊರಳು ಪೂರ್ತಿ ನಿಂತಿತು, ಎಂಟು ಎಣಿಕೆ. ಅರ್ಧಕ್ಕೆ ನಿಲ್ಲಿಸಿ ಕಣ್ಣು ಬಿಟ್ಟರು. ಮತ್ತೆ ಮೊದಲಿನಿಂದ ಹಾಡಿದರು. ಮತ್ತೆ ಎಂಟು. ಮೂರನೆಯ ಸಲ ತುಟಿ ತೆರೆದು, ಹಾಡದೆ ಮುಚ್ಚಿದರು.

“ಇದು ನೀವು ಹೇಳಿಕೊಟ್ಟಿದ್ದು” ಎಂದರು. “ಅವಳದ್ದು ಮಾರ್ಚಲ್ಲಿ ಇತ್ತು. ಬೇಸಿಗೇಲೂ ಇತ್ತು. ಈಗ ಕಿವಿಯಲ್ಲೂ ಇಲ್ಲ.”

ಹೊರಗೆ ಯಾವುದೋ ತರಗತಿ ಮುಗಿದು ಮಕ್ಕಳು ಮೆಟ್ಟಿಲಿಳಿಯುವ ಗಲಾಟೆ ಕೇಳಿಸಿತು. “ಕ್ಷಮಿಸಿ” ಎಂದೆ ನಾನು.

ರೋಸ್ವಿತಾ ಎದ್ದು ಕೋಟು ಹಾಕಿಕೊಂಡರು. ಕೆಳಗಿನಿಂದ ಕುತ್ತಿಗೆಯವರೆಗೆ ಒಂದೊಂದೇ ಗುಂಡಿ ಹಾಕಿದರು.

“ಯಾಕೆ?” ಎಂದರು. “ಸರಿಯಾಗೇ ಹೇಳಿಕೊಟ್ಟಿದೀರ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.